ಹಳೆಯ ಸರಕು ವಾಹನ: ಬೆಲೆಗೆ ಮೊದಲು ಎಂಜಿನ್ ವಿಚಾರಿಸಿ

ತಂಬಾಕು ಹರಾಜಿನ ದಿನಗಳಲ್ಲಿ ಬಾಡಿಗೆ ವಾಹನಕ್ಕೆ ಕಾದು ಬೇಸತ್ತ ನಮ್ಮ ವರ್ತಕರು ಹಳೆಯದೊಂದು ಗೂಡ್ಸ್ ವಾಹನವನ್ನು ಕೊಳ್ಳಲು ಹೊರಡುವುದು ಸಹಜ. ಆಗ ಬೆಲೆ, ಟೈರು, ಬಣ್ಣಗಳನ್ನು ನೋಡುತ್ತಾರೆಯೇ ಹೊರತು ಎಂಜಿನ್ ಯಾವ ಬಗೆಯದೆಂದು ವಿಚಾರಿಸುವವರು ವಿರಳ.

2017ರ ಏಪ್ರಿಲ್ 1ರಿಂದ ಬಿ.ಎಸ್. 3 ವಾಹನಗಳ ಮಾರಾಟವನ್ನು ಸುಪ್ರೀಂ ಕೋರ್ಟ್ ನಿಷೇಧಿಸಿತು. ಅದಕ್ಕೂ ಹಿಂದಿನ ಡೀಸೆಲ್ ಗಾಡಿಗಳ ರಿಪೇರಿ ಊರಿನ ಮೆಕ್ಯಾನಿಕ್‌ಗೂ ಸುಲಭವೆಂಬುದು ನಿಜ. ಆದರೆ 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿವರ್ಷ ಎಫ್.ಸಿ. ಮಾಡಿಸಬೇಕೆಂಬುದನ್ನು ಮರೆಯಬಾರದು.

2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಡೀಸೆಲ್ ಎಂಜಿನ್‌ಗಳದು ಬೇರೆಯೇ ಸ್ವಭಾವ. ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿ ಸುಟ್ಟುಹೋಗಬೇಕಾದರೆ ವಾಹನವು ಆಗಾಗ ಸ್ವಲ್ಪ ಹೊತ್ತು ಎಡೆಬಿಡದೆ ಓಡಬೇಕು. ಹನಗೋಡಿನಿಂದ ಹುಣಸೂರಿನ ಮೂಲಕ ಮೈಸೂರಿಗೆ ನಿತ್ಯ ಸರಕು ಸಾಗಿಸುವವರಿಗೆ ಇದರಿಂದ ತೊಂದರೆಯಿಲ್ಲ. ಊರೊಳಗೇ ಅಂಗಡಿಯಿಂದ ಅಂಗಡಿಗೆ ನಿಂತು ನಿಂತು ಸಾಗುವ ಗಾಡಿಯಲ್ಲಿ ಮಾತ್ರ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅದನ್ನು ಬದಲಿಸುವ ಖರ್ಚು ಹಳೆಯ ವಾಹನ ಕೊಂಡ ಲಾಭವನ್ನೇ ನುಂಗಬಲ್ಲದು. ಅಂಥವರಿಗೆ, ಇಂಧನದ ಖರ್ಚು ತುಸು ಹೆಚ್ಚಾದರೂ, ಪೆಟ್ರೋಲಿನ ಚಿಕ್ಕ ಗಾಡಿಯೇ ಲೇಸೆಂಬುದು ನಮ್ಮ ಅಭಿಪ್ರಾಯ.

ಬಿ.ಎಸ್. 6 ಲಾರಿ ಕೊಳ್ಳುವವರು ಯೂರಿಯಾ ದ್ರಾವಣದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗೊಬ್ಬರದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಸುರಿಯುವ ಜಾಣತನ ಮಾತ್ರ ಬೇಡ. ಇಡೀ ವ್ಯವಸ್ಥೆಯೇ ಕೆಡುತ್ತದೆ.

ವ್ಯಾಪಾರ ಕುದುರಿಸುವ ಮುನ್ನ ಬೆಳಗಿನ ಹೊತ್ತು, ಎಂಜಿನ್ ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ, ಎಚ್ಚರಿಕೆಯ ದೀಪಗಳು ಆರುತ್ತವೆಯೇ ಎಂದು ನೋಡಿರಿ. ಸರ್ವಿಸ್ ದಾಖಲೆ ತೋರಿಸಲೊಪ್ಪದ ಮಾರಾಟಗಾರನಿಗೆ ಮುಂಗಡ ಕೊಡಬೇಡಿರಿ.