ಪಾತಕಿಗೆ ಚಪ್ಪಾಳೆಯೆ?

ಕೆನಡಾ ದೇಶದ ಕ್ವೆಬೆಕ್ ಪ್ರಾಂತದಲ್ಲಿ ಹೆಲ್ಸ್ ಏಂಜೆಲ್ಸ್ ಎಂಬ ಮೋಟಾರ್ ಸೈಕಲ್ ಸವಾರರ ಕೂಟದ ಮುಖಂಡನಾಗಿದ್ದ ಮೋರಿಸ್ ಬೂಶೆಯು 2022ನೆಯ ಇಸವಿ ಜುಲೈಯಲ್ಲಿ, ಸೆರೆವಾಸವನ್ನನುಭವಿಸುತ್ತಿರುವಾಗಲೇ, ರೋಗದಿಂದ ಮಡಿದನು. ಅವನ ಚರಿತ್ರೆಯಲ್ಲಿ ನಾಗರಿಕರು ಕಲಿಯತಕ್ಕ ಪಾಠವೊಂದುಂಟು.

ಮಾದಕ ದ್ರವ್ಯಗಳ ವ್ಯಾಪಾರವು ಯಾರ ಕೈಸೇರಬೇಕೆಂದು 1994ರಿಂದ ಸುಮಾರು ಎಂಟು ವರ್ಷಕಾಲ ಎದುರಾಳಿ ಕೂಟದೊಡನೆ ನಡೆದ ಕಾಳಗದಲ್ಲಿ 150ಕ್ಕೂ ಮಿಕ್ಕ ಜನರು ಹತರಾದರು. 1995ರ ಆಗಸ್ಟಿನಲ್ಲಿ ಮಾಂಟ್ರಿಯಲ್ ನಗರದ ಬೀದಿಯಲ್ಲಿ ಸಿಡಿದ ಬಾಂಬಿಗೆ 11 ವರ್ಷದ ಬಾಲಕನೊಬ್ಬನು ಬಲಿಯಾದನು. 1997ರಲ್ಲಿ ಬೂಶೆಯ ಆಜ್ಞೆಯಂತೆ ಸೆರೆಮನೆಯ ಇಬ್ಬರು ಕಾವಲುಗಾರರ ಕೊಲೆಯಾಯಿತು. ಅವರು ಮಾಡಿದ್ದ ಅಪರಾಧವೇನು? ಸರಕಾರದ ಸಮವಸ್ತ್ರವನ್ನು ಧರಿಸಿದ್ದುದೊಂದೇ.

1998ರ ನವೆಂಬರಿನಲ್ಲಿ ಜ್ಯೂರಿಯವರು ಅವನನ್ನು ನಿರ್ದೋಷಿಯೆಂದರು. ಅಂದು ಸಂಜೆಯೇ ಅವನು ಮುಷ್ಟಿಯುದ್ಧವನ್ನು ನೋಡಹೋದಾಗ ನೆರೆದ ಜನರು ಚಪ್ಪಾಳೆ ತಟ್ಟಿ ಸ್ವಾಗತಿಸಿದರು! ಅವನ ಪಿಸ್ತೂಲುಗಳಿಗಿಂತಲೂ ಈ ಚಪ್ಪಾಳೆಯೇ ನಮಗೆ ಹೆಚ್ಚು ಭಯಂಕರವಾಗಿ ತೋರುತ್ತದೆ. ಹಾವಿಗೆ ಹಾಲೆರೆದವರು ಅದರ ವಿಷಕ್ಕೆ ಹೊಣೆಗಾರರಲ್ಲವೆ?

2000ದ ಸೆಪ್ಟೆಂಬರಿನಲ್ಲಿ ಇಂಥ ಕೂಟಗಳ ದುಷ್ಕೃತ್ಯಗಳನ್ನು ಬಯಲಿಗೆಳೆಯುತ್ತಿದ್ದ ಪತ್ರಕರ್ತ ಮಿಶೆಲ್ ಓಝೆಯವರಿಗೆ ಪತ್ರಿಕಾಲಯದ ಆವರಣದಲ್ಲಿಯೇ ಬೆನ್ನ ಹಿಂದಿನಿಂದ ಗುಂಡು ಹೊಡೆಯಲಾಯಿತು. ಅವರು ಬದುಕಿ ಉಳಿದು ಮತ್ತೆ ಲೇಖನಿಯನ್ನು ಹಿಡಿದರು. ಅವರ ವೃತ್ತಿಬಂಧುಗಳು ಬೀದಿಗಿಳಿದು ಪ್ರತಿಭಟಿಸಿದರು. ಮೇಲಿನ ನ್ಯಾಯಸ್ಥಾನವು ಪುನರ್ವಿಚಾರಣೆಗೆ ಆಜ್ಞಾಪಿಸಲಾಗಿ, 2002ರ ಮೇ ತಿಂಗಳಲ್ಲಿ ಬೂಶೆಯ ಅಪರಾಧವು ಸಿದ್ಧವಾಗಿ ಆಜೀವ ಶಿಕ್ಷೆಯಾಯಿತು.

ಪಾತಕಿಯನ್ನು ಹಿಡಿಯುವುದು ಪೋಲೀಸರ ಕರ್ತವ್ಯ, ದಂಡಿಸುವುದು ನ್ಯಾಯಾಧೀಶರದು. ಅವನಿಗೆ ಮರ್ಯಾದೆಯನ್ನು ಕೊಡುವುದೂ ಬಿಡುವುದೂ ಮಾತ್ರ ಪ್ರಜೆಗಳ ಕೈಯಲ್ಲಿದೆ. ಆ ಅಧಿಕಾರವನ್ನು ಅಗ್ಗವಾಗಿ ಮಾರಿಕೊಳ್ಳಬಾರದೆಂದು ನಮ್ಮ ವಿನಂತಿ.