ಆಡದ ಗೇಮ್‌ಗಳಿಗೆ ಬ್ಯಾಕ್ ಪೇಪರ್ ಇಲ್ಲ

ನಮ್ಮ ಕ್ಯಾಂಪಸ್‌ನಲ್ಲಿ 'ಬ್ಯಾಕ್‌ಲಾಗ್' ಅಂದ ಕೂಡಲೇ ಮುಖ ಸಣ್ಣದಾಗುತ್ತದೆ. ಪಾಸಾಗದ ಸಬ್ಜೆಕ್ಟು, ಮತ್ತೊಮ್ಮೆ ಕಟ್ಟಬೇಕಾದ ಪರೀಕ್ಷಾ ಫೀಸು, ಮನೆಯಲ್ಲಿ ಹೇಳಬೇಕೋ ಬೇಡವೋ ಅನ್ನೋ ತಾಕಲಾಟ. ಗೇಮ್ ಆಡುವವರು ಇದೇ ಶಬ್ದವನ್ನು ಬೇರೆ ಅರ್ಥದಲ್ಲಿ ಬಳಸ್ತಾರೆ: ಕೊಂಡು ಅಥವಾ ಪುಕ್ಕಟೆ ಪಡೆದು, ಆಡದೇ ಇಟ್ಟ ಗೇಮ್‌ಗಳ ಪಟ್ಟಿ. ವಿಚಿತ್ರ ಅಂದ್ರೆ ಇದರ ಬಗ್ಗೆ ಮಾತಾಡುವಾಗಲೂ ಮುಖ ಅಷ್ಟೇ ಸಣ್ಣದಾಗುತ್ತದೆ. "ವಿಚರ್ ಇನ್ನೂ ಮುಗಿಸಿಲ್ಲಲೇ" ಅನ್ನುವ ದನಿಗೂ "ಮ್ಯಾಥ್ಸ್ ಇನ್ನೂ ಉಳದೈತಿ" ಅನ್ನುವ ದನಿಗೂ ಏನೂ ಫರಕಿಲ್ಲ. ನಮ್ಮ ತಕರಾರು ಇರೋದು ಈ ದನಿಯ ಮೇಲೆ.

ನಾವು ಅಂದ್ರೆ ನಾಲ್ಕು ಜನ. ಗದಗ-ಬೆಟಗೇರಿಯವನೊಬ್ಬ, ಲಕ್ಷ್ಮೇಶ್ವರದವನೊಬ್ಬ, ಶಿರಹಟ್ಟಿಯವನೊಬ್ಬ, ಮುಂಡರಗಿಯವನೊಬ್ಬ. ಒಂದೇ ಜಿಲ್ಲೆಯ ನಾಲ್ಕು ಕಡೆಯಿಂದ ಬಂದು ಒಂದೇ ಹಾಸ್ಟೆಲ್ ಸೇರಿದವರು. ಸ್ಟೀಮ್, ಎಪಿಕ್ ಎರಡೂ ಸೇರಿಸಿದರೆ ನಾಲ್ವರ ಲೈಬ್ರರಿ ನಾನೂರು ಗೇಮ್ ದಾಟುತ್ತದೆ. ರಾತ್ರಿ ಊಟ ಆದಮೇಲೆ ಲ್ಯಾಪ್‌ಟಾಪ್ ತೆರೆದು, ಆ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಉರುಳಿಸಿ, ಇಪ್ಪತ್ತು ನಿಮಿಷದ ಮೇಲೆ ಫೋನ್ ಎತ್ತಿಕೊಂಡು ಬಿಜಿಎಮ್‌ಐಗೆ ಹೋಗೋದು ನಮ್ಮ ಬ್ಲಾಕ್‌ನಲ್ಲಿ ದಿನದ ಕಥೆ. ನಿಮ್ಮ ಬ್ಲಾಕ್‌ನಲ್ಲಿ ಬೇರೆ ನಡೀತದೆ ಅಂತ ನಮಗೆ ಅನಿಸೋದಿಲ್ಲ.

ಮೊದಲು ಲೆಕ್ಕ ನೋಡೋಣ, ನಾವು ಎಂಜಿನಿಯರಿಂಗ್‌ನವರಲ್ವಾ. ಒಬ್ಬನ ಹತ್ತಿರ ಆಡದ ಗೇಮ್ 150 ಅಂತ ಹಿಡಿಯಿರಿ. ಒಂದಕ್ಕೆ ಸರಾಸರಿ 20 ತಾಸು. ಒಟ್ಟು 3,000 ತಾಸು. ದಿನಕ್ಕೆ ಒಂದು ತಾಸು, ಒಂದು ದಿನವೂ ತಪ್ಪಿಸದೆ ಆಡಿದರೆ ಎಂಟು ವರ್ಷ ಬೇಕು. ಅಷ್ಟಕ್ಕೇ ಮುಗಿಯೋದಿಲ್ಲ. ಎಪಿಕ್ ಸ್ಟೋರ್ ವಾರಕ್ಕೆ ಕನಿಷ್ಠ ಒಂದು ಗೇಮ್ ಪುಕ್ಕಟೆ ಕೊಡ್ತದೆ. ವರ್ಷಕ್ಕೆ 52, ಅಂದ್ರೆ ಅದೇ ಸರಾಸರಿಯಲ್ಲಿ 1,040 ತಾಸು ಹೊಸದಾಗಿ ಪಟ್ಟಿಗೆ ಸೇರ್ತದೆ. ನಾವು ಆಡಿ ಕಳೆಯೋದು 365 ತಾಸು. ಒಳಗೆ ಬರುವ ನೀರು ಹೊರಗೆ ಹೋಗುವ ನೀರಿಗಿಂತ ಮೂರು ಪಟ್ಟು ಜಾಸ್ತಿ ಇದ್ದಾಗ ಟ್ಯಾಂಕ್ ಖಾಲಿ ಮಾಡ್ತೀನಿ ಅಂತ ಕೂಡೋದು ಎಂಥ ಪ್ಲ್ಯಾನು? ಯೂಟ್ಯೂಬ್‌ನಲ್ಲಿ 'ಬ್ಯಾಕ್‌ಲಾಗ್ ಮುಗಿಸುವ ಚಾಲೆಂಜ್', ಎಕ್ಸೆಲ್ ಶೀಟು, ಹಸಿರು-ಕೆಂಪು ಬಣ್ಣ ಎಲ್ಲ ನೋಡಿದ್ದೇವೆ. ಅದು ಆಟವನ್ನು ಜರ್ನಲ್ ಸಬ್ಮಿಷನ್ ಮಾಡುವ ದಾರಿ. ವಾರವಿಡೀ ಲ್ಯಾಬ್ ರೆಕಾರ್ಡ್ ಬರೆದು, ಶನಿವಾರ ಮತ್ತೊಂದು ರೆಕಾರ್ಡ್ ಬರೆಯೋದಕ್ಕೆ ಯಾರು ಕೂಡ್ತಾರೆ?

ಈ ಟ್ಯಾಂಕ್ ತಾನಾಗೇ ತುಂಬಿದ್ದಲ್ಲ. 2020ರ ಮೇ ತಿಂಗಳು, ಲಾಕ್‌ಡೌನ್. ಎಪಿಕ್‌ನವರು ಜಿಟಿಎ 5 ಪುಕ್ಕಟೆ ಬಿಟ್ಟರು. ಆ ದಿನ ಅವರ ಸೈಟೇ ತಾಸುಗಟ್ಟಲೆ ನೆಲ ಹಿಡೀತು. ಆಗಿನ್ನೂ ಹೈಸ್ಕೂಲಿನಲ್ಲಿದ್ದ ನಮ್ಮಂಥವರು, ಸ್ವಂತ ಲ್ಯಾಪ್‌ಟಾಪ್ ಇಲ್ಲದಿದ್ದರೂ, ಅಪ್ಪನ ಫೋನಿನಲ್ಲಿ ಅಕೌಂಟ್ ತೆರೆದು 'ತಗೊಂಡು' ಇಟ್ಟೆವು. ಆಡೋಕೆ ಮಷಿನ್ ಇಲ್ಲ, ಆದರೆ ಗೇಮ್ ನಮ್ಮದು! ಲೈಬ್ರರಿ ಶುರುವಾದದ್ದೇ ಹೀಗೆ: ಮೊದಲು ಗೇಮ್ ಬಂತು, ಆಮೇಲೆ ಕಂಪ್ಯೂಟರ್ ಬಂತು. ಸ್ಟೀಮ್‌ನ ದೊಡ್ಡ ಸೇಲ್‌ಗಳು ಬರೋದಂತೂ ಜೂನ್ ಕೊನೆಗೆ, ಡಿಸೆಂಬರ್ ಕೊನೆಗೆ. ನಮ್ಮ ಪರೀಕ್ಷೆಗಳು ಯಾವಾಗ ಅಂತ ನಿಮಗೆ ಹೇಳಬೇಕಾಗಿಲ್ಲ. ಆಡೋಕೆ ಒಂದು ನಿಮಿಷ ಇಲ್ಲದ ಹೊತ್ತಲ್ಲೇ ಕೊಳ್ಳೋಕೆ ಅತಿ ಹೆಚ್ಚು ಆಸೆ ಹುಟ್ಟೋದು. ಓದೋಕೆ ಮನಸ್ಸಿಲ್ಲದ ರಾತ್ರಿ ಹನ್ನೆರಡಕ್ಕೆ ಶೇಕಡಾ 80 ಕಡಿತ ಅಂತ ಕಂಡರೆ, ಯುಪಿಐ ಪಿನ್ ಒತ್ತೋಕೆ ಎಷ್ಟು ಹೊತ್ತು?

ಮೂರು ಸಾವಿರದ ಗೇಮ್ ಆರುನೂರಕ್ಕೆ ಸಿಕ್ಕರೆ 'ಎರಡು ಸಾವಿರದ ನಾಲ್ಕುನೂರು ಉಳಿಸಿದೆ' ಅನ್ನೋದು ಹಾಸ್ಟೆಲ್ ಗಣಿತ. ಮನೆಯಿಂದ ಬಂದ ರೊಕ್ಕದಲ್ಲಿ ಹೋದದ್ದು ಆರುನೂರು, ಅಷ್ಟೇ. ಮುಂಡರಗಿ ದೋಸ್ತನ ಅಪ್ಪ ಹೆಸರು, ಶೇಂಗಾ ಬೆಳೆಯೋ ಮನುಷ್ಯ. ಮಗನ ಪಟ್ಟಿಯನ್ನು ಒಮ್ಮೆ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಿತ್ತೂದ ಇಲ್ಲಂದ್ರ ಬೀಜ ಯಾಕ ತಂದೀಪಾ?" ನಾವು ನಾಲ್ಕೂ ಜನ ಇವತ್ತಿಗೂ ಅದಕ್ಕೆ ಸರಿಯಾದ ಉತ್ತರ ಹುಡುಕ್ತಾ ಇದ್ದೇವೆ.

ಲಕ್ಷ್ಮೇಶ್ವರದವನ ವಾದ ಬೇರೆ. ಅವನ ಪ್ರಕಾರ ಇದು ಸಂಗ್ರಹ, ಪುಸ್ತಕದ ಹಾಗೆ. ಗದಗದ ತೋಂಟದಾರ್ಯ ಮಠ ಪ್ರಕಟಿಸಿದ ಪುಸ್ತಕಗಳು ನಮ್ಮ ಕಡೆ ಎಷ್ಟೋ ಮನೆಗಳ ಕಪಾಟಿನಲ್ಲಿವೆ, ಎಲ್ಲರೂ ಎಲ್ಲವನ್ನೂ ಓದಿದ್ದಾರಾ? ಇಲ್ಲ. ಹಾಗಂತ ಯಾರಾದರೂ ತಲೆ ತಗ್ಗಿಸ್ತಾರಾ? ವಾದದ ಅರ್ಧ ಭಾಗ ನಾವು ಒಪ್ತೇವೆ. ಇನ್ನರ್ಧ ಒಪ್ಪೋಕಾಗೋದಿಲ್ಲ. ಕಪಾಟಿನ ಪುಸ್ತಕ ಅಂಗಡಿ ಮುಚ್ಚಿದರೂ ಕಪಾಟಿನಲ್ಲೇ ಇರ್ತದೆ. ಮನೆಗೆ ಬಂದ ಕಾಕಾ ಓದಬಹುದು, ತಮ್ಮ ಓದಬಹುದು, ಹತ್ತು ವರ್ಷದ ಮೇಲೆ ನೀವೇ ಓದಬಹುದು. ಸ್ಟೀಮ್‌ನಲ್ಲಿ ನಾವು ಕೊಳ್ಳೋದು ಗೇಮ್ ಅಲ್ಲ, ಆಡುವ ಲೈಸೆನ್ಸ್. 2024ರಿಂದ ಹಣ ಕಟ್ಟುವ ಪುಟದಲ್ಲೇ ಅವರು ಹಾಗಂತ ಬರೆದಿದ್ದಾರೆ. ಫ್ಯಾಮಿಲಿ ಅಂತ ಒಂದು ಸೌಲಭ್ಯ ಇದೆ, ಆರು ಜನರ ತನಕ ಹಂಚಿಕೊಳ್ಳಬಹುದು. ಆದರೆ ಅದು ಒಂದೇ ಮನೆಯವರಿಗೆ ಅಂತ ನಿಯಮ. ಹಾಸ್ಟೆಲ್ ರೂಮು ಮನೆ ಹೌದೋ ಅಲ್ಲವೋ ಅಂತ ನಮ್ಮಲ್ಲಿ ಇನ್ನೂ ಚರ್ಚೆ ನಡೆದಿದೆ.

'ಆಮೇಲೆ ಆಡಿದರಾಯ್ತು' ಅಂತ ಇಟ್ಟವರಿಗೆ ಏನಾಯ್ತು ಅನ್ನೋದಕ್ಕೆ ದಿ ಕ್ರೂ ಸಾಕ್ಷಿ. ಯೂಬಿಸಾಫ್ಟ್‌ನ ಈ ಕಾರ್ ರೇಸಿಂಗ್ ಗೇಮ್ 2014ರಲ್ಲಿ ಬಂತು, ಸರ್ವರ್ ಇಲ್ಲದೆ ಓಡೋದಿಲ್ಲ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಂತಿತು. ರೊಕ್ಕ ಕೊಟ್ಟು ಕೊಂಡವರ ಗೇಮೂ ನಿಂತಿತು. ನಮ್ಮ ಫೋನಿನಲ್ಲೂ ಇದನ್ನು ಕಂಡಿದ್ದೇವೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧ, 2021ರಲ್ಲಿ ಬಿಜಿಎಮ್‌ಐ ಆಗಿ ವಾಪಸ್, 2022ರ ಜುಲೈನಲ್ಲಿ ಮತ್ತೆ ಸ್ಟೋರಿನಿಂದ ಮಾಯ, 2023ರ ಮೇನಲ್ಲಿ ಮತ್ತೆ ಹಾಜರ್. ಅಂದಮೇಲೆ ಆನ್‌ಲೈನ್ ಮೇಲೆ ನಿಂತ ಗೇಮನ್ನು ಕೂಡಿಡೋದರಲ್ಲಿ ಅರ್ಥ ಇಲ್ಲ. ಆಡೋದಿದ್ದರೆ ಈಗ ಆಡಬೇಕು, ಇಲ್ಲಾ ಬಿಡಬೇಕು.

ಈಗ 'ಮುಗಿಸೋದು' ಅನ್ನೋ ಮಾತಿಗೆ ಬರೋಣ. ಕರ್ನಾಟಕದಲ್ಲಿ ಜಿಟಿಎ ವೈಸ್ ಸಿಟಿ ಆಡದ ಹುಡುಗರು ಕಡಿಮೆ. ಅದರ ಎಲ್ಲ ಮಿಷನ್ ಮುಗಿಸಿದವರು ಎಷ್ಟು? ನಾವು ನೋಡಿದ ಹಾಗೆ ಆಟ ಅಂದ್ರೆ ಪ್ಯಾಂಜರ್ ಅಂತ ಟೈಪ್ ಮಾಡಿ ಟ್ಯಾಂಕ್ ತರಿಸೋದು, ಪೊಲೀಸರು ಬಂದರೆ ಲೀವ್ ಮಿ ಅಲೋನ್ ಅಂತ ಟೈಪ್ ಮಾಡೋದು, ಸಮುದ್ರದ ದಂಡೆ ಮೇಲೆ ಬೈಕ್ ಓಡಿಸೋದು, ಅಷ್ಟರಲ್ಲಿ ಮಾಮಾ ಬಂದು "ಏಳಪಾ, ಸಾಕು" ಅನ್ನೋದು. ಕಥೆ ಏನು ಅಂತ ಕೂಡ ಗೊತ್ತಿರಲಿಲ್ಲ. ಆದರೂ ಯಾರೂ ಅದನ್ನು ಬ್ಯಾಕ್‌ಲಾಗ್ ಅನ್ನಲಿಲ್ಲ. ಗೇಮ್ ಒಂದೇ ಇದ್ದಾಗ ಮುಗಿಸುವ ಚಿಂತೆ ಇರಲಿಲ್ಲ. ನಾನೂರು ಬಂದ ಮೇಲೆ ಪ್ರತಿಯೊಂದರ ಪಕ್ಕ ಶೇಕಡಾವಾರು, ಅಚೀವ್‌ಮೆಂಟು, 'ಕೊನೆಯದಾಗಿ ಆಡಿದ ದಿನಾಂಕ' ಬಂದು ಕೂತವು.

ಊರಿನ ಹೆಮ್ಮೆಯ ಮಾತೊಂದು ಇಲ್ಲಿ ಹೇಳಬೇಕು, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇದು ತಿಳಿದದ್ದು ತಡವಾಗಿ. ಗದುಗಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅಂತ ನಂಬಿಕೆ. ಮಹಾಭಾರತದಲ್ಲಿ ಇರೋದು 18 ಪರ್ವ. ಅವನು ಬರೆದದ್ದು 10. ಉಳಿದ ಎಂಟನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಕನ್ನಡಕ್ಕೆ ತಂದ. ಗದುಗಿನ ಭಾರತ ಅರ್ಧಮರ್ಧ ಅಂತ ನಮ್ಮ ಕಡೆ ಯಾರಾದರೂ ಅಂದದ್ದು ಕೇಳಿದ್ದೀರಾ? ಯುದ್ಧ ಮುಗೀತು, ಧರ್ಮರಾಯನಿಗೆ ಪಟ್ಟ ಆಯ್ತು, ಅವನ ಕಥೆಗೆ ಅಷ್ಟು ಸಾಕಾಗಿತ್ತು. ಓದುವವರೂ ಹಾಗೇ. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ಪದ್ಧತಿ ಹಳ್ಳಿಗಳಲ್ಲಿದೆ. ಆದಿಪರ್ವದಿಂದಲೇ ಶುರು ಮಾಡಬೇಕು ಅಂತ ಯಾರೂ ಹಟ ಹಿಡಿಯೋದಿಲ್ಲ. ಯಾವುದು ಬೇಕೋ ಅದನ್ನು ತೆರೀತಾರೆ. ಒಬ್ಬರು ರಾಗವಾಗಿ ಓದ್ತಾರೆ, ಇನ್ನೊಬ್ಬರು ಅರ್ಥ ಹೇಳ್ತಾರೆ, ಉಳಿದವರು ಕೇಳ್ತಾರೆ. ಇಷ್ಟು ದೊಡ್ಡ ಗ್ರಂಥದ ಜೊತೆ ಇಷ್ಟು ಸಲೀಸಾಗಿ ಬದುಕೋಕೆ ಗೊತ್ತಿರುವ ಊರಿನವರು 60 ತಾಸಿನ ಒಂದು ಗೇಮಿಗೆ ಯಾಕೆ ಹೆದರಬೇಕು ಅನ್ನೋದು ನಮ್ಮ ಪ್ರಶ್ನೆ.

ಹಾಗಾದರೆ ನಾವು ಮಾಡೋದೇನು? ಪಟ್ಟಿಯನ್ನು ಆಳೋಕೆ ಹೋಗಿಲ್ಲ, ಬಾಗಿಲನ್ನು ಆಳ್ತಾ ಇದ್ದೇವೆ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ತಾಸಿಗಿಂತ ಕಡಿಮೆ ಆಡಿದ್ದರೆ ರೊಕ್ಕ ವಾಪಸ್ ಸಿಗ್ತದೆ. ಈ ನಿಯಮ ಎಲ್ಲರಿಗೂ ಗೊತ್ತು, ಅದರೊಳಗಿನ ಗುಟ್ಟು ಯಾರೂ ಗಮನಿಸೋದಿಲ್ಲ: ಎರಡು ವಾರದೊಳಗೆ ಶುರು ಮಾಡದ ಗೇಮ್ ಕೊಂಡರೆ ವಾಪಸ್ ಕೊಡುವ ಹಕ್ಕೇ ಸತ್ತುಹೋಗ್ತದೆ. ಅದಕ್ಕೆ, ಮುಂದಿನ ಎರಡು ವಾರದಲ್ಲಿ ಆಡೋಕೆ ಜಾಗ ಇಲ್ಲ ಅಂದ್ರೆ ಕೊಳ್ಳಂಗಿಲ್ಲ. ಇಂಟರ್ನಲ್ಸ್ ಇದ್ದರೆ ಕೊಳ್ಳಂಗಿಲ್ಲ. ವಿಶ್‌ಲಿಸ್ಟ್‌ನಲ್ಲಿ ಇರಲಿ, ಸೇಲ್ ಮತ್ತೆ ಬರ್ತದೆ, ಬರದೇ ಎಲ್ಲಿಗೆ ಹೋಗ್ತದೆ! ಪುಕ್ಕಟೆ ಬಂದದ್ದರ ಬಗ್ಗೆ ನಮ್ಮಲ್ಲಿ ಒಮ್ಮತ ಇಲ್ಲ. ಗದಗದವನು ಗುರುವಾರ ಬಂತೆಂದರೆ ಇವತ್ತಿಗೂ ಕ್ಲೈಮ್ ಮಾಡ್ತಾನೆ, ಮಾಡ್ಲಿ, ಆದರೆ ಅದನ್ನು ಲೆಕ್ಕಕ್ಕೆ ಹಿಡಿಯಂಗಿಲ್ಲ.

ಎರಡನೇದು ಎಸ್‌ಎಸ್‌ಡಿ ಹೇಳಿದ ಬುದ್ಧಿ. 512 ಜಿಬಿ ಡಿಸ್ಕಿನಲ್ಲಿ ವಿಂಡೋಸ್, ಮ್ಯಾಟ್‌ಲ್ಯಾಬ್, ಇಸಿಯವರಿಗೆ ವಿವಾಡೊ ಅನ್ನೋ ರಾಕ್ಷಸ. ಉಳಿದ ಜಾಗದಲ್ಲಿ ಮೂರು ಗೇಮ್ ಕೂತರೆ ಹೆಚ್ಚು. ರೆಡ್ ಡೆಡ್ ರಿಡೆಂಪ್ಶನ್ 2 ಒಂದೇ 150 ಜಿಬಿ ಕೇಳ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇರುವವರು ಬರೀ ಅದನ್ನು ಇಳಿಸೋಕೆ 75 ದಿನ. ಹೀಗಾಗಿ ನಮ್ಮ ಪಾಲಿಗೆ ಬ್ಯಾಕ್‌ಲಾಗ್ ಅಂದ್ರೆ ಡಿಸ್ಕಿನಲ್ಲಿರುವ ಮೂರು, ಉಳಿದದ್ದು ಅಂಗಡಿಯಲ್ಲಿದೆ ಅಂತಲೇ ಭಾವಿಸ್ತೇವೆ. ಸೆಮಿಸ್ಟರ್ ನಡುವೆ ಸಣ್ಣವು: ಪೋರ್ಟಲ್, ಇನ್‌ಸೈಡ್, ಎ ಶಾರ್ಟ್ ಹೈಕ್. ಒಂದೆರಡು ಸಂಜೆಯಲ್ಲಿ ಮುಗೀತವೆ. ಪುಣೆಯವರು 2020ರಲ್ಲಿ ಮಾಡಿದ ರಾಜಿ ಕೂಡ ಇದೇ ಅಳತೆಯದು. ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯ ಕಥೆ, ಒಂದು ಸಲವಾದರೂ ಆಡಿ. ದೊಡ್ಡವು ಸೂಟಿಗೆ. ಎರಡು ತಾಸು ಆಡಿದರೂ ಹಿಡಿಸದಿದ್ದರೆ ತೆಗೆದು 'ಹೈಡ್' ಮಾಡೋದು. ರೊಕ್ಕ ಕೊಟ್ಟಿದ್ದೇವಲ್ಲ ಅಂತ ಇನ್ನೂ ಇಪ್ಪತ್ತು ತಾಸು ಹಾಕೋದು ಯಾವ ನ್ಯಾಯ? ಹೋದ ರೊಕ್ಕದ ಹಿಂದೆ ಹೊತ್ತನ್ನೂ ಕಳಿಸಿದಂಗಾಯ್ತು.

ಇಷ್ಟಾದರೂ ಮೂಲ ತೊಡಕು ಉಳೀತದೆ. ಕಥೆಯ ಗೇಮ್‌ಗಳನ್ನು ಒಬ್ಬರೇ ಆಡಬೇಕು, ಬಿಜಿಎಮ್‌ಐನಲ್ಲಿ ನಾಲ್ವರೂ ಇರ್ತೇವೆ. ಸೂಟಿಗೆ ಊರಿಗೆ ಹೋದಾಗ ರಾತ್ರಿ ಒಂಬತ್ತಕ್ಕೆ ಸ್ಕ್ವಾಡ್ ಕೂಡಿದರೇ ನಾಲ್ಕು ಊರು ಒಂದಾಗೋದು. "ಮಳಿ ಬಂತೇನೋ?" "ನಿಮ್ಮಜ್ಜಿ ಹೆಂಗದಾರ?" ಎಲ್ಲ ಅಲ್ಲೇ. ಅದನ್ನು ಬಿಟ್ಟು ಒಬ್ಬನೇ ಮೂಲೆಯಲ್ಲಿ ಕೂತು ಲಿಸ್ಟ್ ಕರಗಿಸು ಅಂದರೆ ಯಾರು ಕೇಳ್ತಾರೆ? ಹೊಸ ಗೇಮ್ ಆಡದೇ ಉಳಿಯೋಕೆ ಸೋಮಾರಿತನಕ್ಕಿಂತ ದೊಡ್ಡ ಕಾರಣ ಇದು ಅಂತ ನಮ್ಮ ಅನಿಸಿಕೆ.

ಆದ್ದರಿಂದ ಹಾಸ್ಟೆಲ್‌ನಲ್ಲಿ ಒಬ್ಬರೇ ಆಡೋದನ್ನು ಕಡಿಮೆ ಮಾಡಿದ್ದೇವೆ. ಒಂದು ಲ್ಯಾಪ್‌ಟಾಪು, ಒಂದು ಕಂಟ್ರೋಲರು, ಒಬ್ಬ ಆಡ್ತಾನೆ, ಮೂವರು ನೋಡ್ತಾ ಸಲಹೆ ಕೊಡ್ತಾರೆ, ಸತ್ತರೆ ಕೈ ಬದಲು. ಡೆಟ್ರಾಯಿಟ್ ಬಿಕಮ್ ಹ್ಯೂಮನ್ ಹೀಗೇ ಮುಗೀತು. ಕಾನರ್ ಏನು ಉತ್ತರ ಕೊಡಬೇಕು ಅಂತ ಟೈಮರ್ ಓಡ್ತಾ ಇರುವಾಗ ನಾಲ್ವರ ಜಗಳ, ಪಕ್ಕದ ರೂಮಿನವರು ಬಾಗಿಲು ಬಡಿದು ಬಂದು ಅವರೂ ಕೂತರು. ಇಟ್ ಟೇಕ್ಸ್ ಟೂ ಇಬ್ಬರದೇ ಗೇಮು, ಒಬ್ಬ ಕೊಂಡರೆ ಇನ್ನೊಬ್ಬ ಫ್ರೆಂಡ್ಸ್ ಪಾಸ್‌ನಲ್ಲಿ ಪುಕ್ಕಟೆ ಸೇರಬಹುದು. ಇದರಿಂದ ನಾಲ್ಕು ಅಕೌಂಟಿನಲ್ಲಿ ನಾಲ್ಕು ಕಾಪಿ ಕೊಳ್ಳೋದೂ ತಪ್ಪಿತು.

ಈ ಸೂಟಿಗೆ ಶಿರಹಟ್ಟಿಯವನ ಡಿಸ್ಕಿನಲ್ಲಿ ವಿಚರ್ 3 ಕೂತಿದೆ. ವಾರಕ್ಕೊಮ್ಮೆ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ ಕಥೆ ತೋರಿಸೋದು ಅವನ ಪಾಳಿ. ಅವನು ಮುಖ್ಯ ಕಥೆ ಬಿಟ್ಟು ತಿಂಗಳಿಡೀ ಹೋಟೆಲ್‌ನವರ ಜೊತೆ ಗ್ವೆಂಟ್ ಇಸ್ಪೀಟ್ ಆಡಿಕೊಂಡು ಕೂತರೂ ಶೇಕಡಾ ಎಷ್ಟಾಯ್ತು ಅಂತ ಕೇಳಂಗಿಲ್ಲ ಅಂತ ಮಾತಾಗಿದೆ.