ಕರೆಂಟ್ ಗಿಟಾರ್ ಕೊಡಸೋದಾದ್ರ ಯಾರ ಕೈ ನೋಡಬೇಕು?

ಮಗಳಿಗೆ ಎಲೆಕ್ಟ್ರಿಕ್ ಗಿಟಾರ್ ಕೊಡಸೋದು ಅಂತ ನಿಕ್ಕಿ ಆದಾಗಿಂದ ನಮ್ಮನಿಗೆ ಬಂದವರೆಲ್ಲಾ ಒಂದ ಮಾತು ಹೇಳಲಿಕ್ಕತ್ತಾರ. "ಮೊದಲ ಅಕೌಸ್ಟಿಕ್ ಕಲೀಲಿ ಬಿಡ್ರಿ ವೈನೀ, ಕೈ ಕುಂತ ಮ್ಯಾಲೆ ಎಲೆಕ್ಟ್ರಿಕ್ ಕೊಡಸೀರಂತ." ಇದನ್ನ ನಮ್ಮ ಮೈದುನ ಹೇಳಿದಾ, ಬಾಜೂಮನಿಯವರು ಹೇಳಿದ್ರು, ಗಿಟಾರ್ ಅಂದ್ರ ಎಷ್ಟು ತಂತಿ ಅಂತ ಗೊತ್ತಿಲ್ಲದ ನಮ್ಮ ನೆಗೆಣ್ಣಿನೂ ಹೇಳಿದಳು. ನಾನು ಹೇಳ್ತೀನಿ ಕೇಳ್ರಿ, ಈ ಮಾತು ತಪ್ಪು. ಬರೇ ತಪ್ಪಲ್ಲ, ಎರಡೆರಡು ಸಲ ರೊಕ್ಕ ಖರ್ಚು ಮಾಡಸಿ ಹುಡುಗರ ಕೈಯಾಗಿನ ವಾದ್ಯಾನ ಕಪಾಟಿನ ಮ್ಯಾಲೆ ಏರಸೋ ಮಾತು. ನಮ್ಮ ಬಳಗದಾಗ ಮೂರು ಮನಿ ಕಪಾಟಿನ ಮ್ಯಾಲೆ ಅಂಥಾ ಅಕೌಸ್ಟಿಕ್ ಗಿಟಾರ್ ಕುಂತಾವ, ಮ್ಯಾಲೊಂದು ಹಳೇ ದುಪ್ಪಟಿ ಹೊಚಗೊಂಡು.

ಯಾಕ ಕುಂತಾವ ಅಂದ್ರ ತಂತಿ. ಅಗ್ಗದ ಅಕೌಸ್ಟಿಕ್ ಗಿಟಾರಿನ ತಂತಿ ದಪ್ಪ ಇರ್ತಾವ, ಪಟ್ಟಿಯಿಂದ ಎತ್ತರನೂ ಇರ್ತಾವ. ಸಾಮಾನ್ಯವಾಗಿ ಬರೋ ಅಕೌಸ್ಟಿಕ್ ತಂತಿ ಜೋಡಿಯೊಳಗ ಎಲ್ಲಕ್ಕಿಂತ ಸಣ್ಣ ತಂತಿ ಸುಮಾರು 0.30 ಮಿಲಿಮೀಟರ್, ಎಲೆಕ್ಟ್ರಿಕ್‌ದು 0.23. ಏನು ಮಹಾ ಫರಕು ಅಂತೀರೇನು? ಹದಿನಾರು ವರ್ಷದ ಹುಡುಗಿ ಬೆರಳ ತುದೀಲೆ ದಿನಾ ಅರ್ಧ ತಾಸು ಒತ್ತಿ ಹಿಡೀಬೇಕು, ಆವಾಗ ಗೊತ್ತಾಗ್ತದ. ಮೊದಲನೇ ವಾರ ಉರಿ, ಎರಡನೇ ವಾರ ಬೊಬ್ಬಿ, ಮೂರನೇ ವಾರ "ನನಗ ಸಂಗೀತ ಬರಂಗಿಲ್ಲ ಅವ್ವಾ" ಅನ್ನೋದು. ಸಂಗೀತ ಬರಂಗಿಲ್ಲ ಅಂತಲ್ಲ, ಕೈಗೆ ಒಗ್ಗದ ಸಾಮಾನು ಕೊಡಸ್ಯಾರ ಅಷ್ಟ. ಎಲೆಕ್ಟ್ರಿಕ್ ಹಿಡದ್ರ ಬೆರಳು ನೋಯೋದ ಇಲ್ಲ ಅಂತ ನಾನು ಹೇಳಂಗಿಲ್ಲ. ನೋಯ್ತದ, ಕಡಿಮಿ ನೋಯ್ತದ.

ಬ್ಲ್ಯಾಕ್ ಸಬ್ಬತ್ ಅಂತ ಇಂಗ್ಲೆಂಡಿನ ಒಂದು ತಂಡ ಇತ್ತು. ಅದರ ಗಿಟಾರಿಸ್ಟ್ ಟೋನಿ ಐಯೋಮಿ ಹರೇದ ಹುಡುಗ ಇದ್ದಾಗ ತಗಡಿನ ಕಾರ್ಖಾನಿಯೊಳಗ ಬಲಗೈ ಎರಡು ಬೆರಳಿನ ತುದಿ ಕಳಕೊಂಡ. ಅಂವಾ ಎಡಚ, ಅಂದ್ರ ತಂತಿ ಒತ್ತೋ ಕೈಯ ಅದು. ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಬೆರಳಿಗೆ ಟೊಪ್ಪಿಗಿ ಮಾಡಕೊಂಡ, ಗಿಟಾರಿಗೆ ಬ್ಯಾಂಜೋದ ಸಣ್ಣ ತಂತಿ ಹಾಕಿ ನೋಡಿದ. "ಕೈ ಕುಂದ್ರೋತನಾ ದಪ್ಪ ತಂತಿ ಮ್ಯಾಲೇ ಒದ್ದಾಡಬೇಕು" ಅಂತ ಅಂವಾ ಕುಂತಿದ್ರ ಆ ಸಂಗೀತನ ಇರ್ತಿದ್ದಿಲ್ಲ. ಕೈಗೆ ತಕ್ಕಂಗ ವಾದ್ಯ ಬದಲ ಮಾಡಿದ. ನನಗ ಆ ಸಂಗೀತ ಸೇರಂಗಿಲ್ಲ, ಆ ಮಾತು ಬ್ಯಾರೆ.

ಇನ್ನ ಗದ್ದಲದ ಮಾತು. "ಎಲೆಕ್ಟ್ರಿಕ್ ತಂದ್ರ ಓಣಿಗೆಲ್ಲಾ ಕೇಳಸ್ತದ" ಅಂತ ನಮ್ಮನಿಯವರ ತಕರಾರು. ಖರೇ ಅಂದ್ರ ಉಲ್ಟಾ ಅದ. ಅಕೌಸ್ಟಿಕ್ ಗಿಟಾರಿನ ಹೊಟ್ಟಿ ಪೊಳ್ಳು, ಅದರ ದನಿ ಕಡಿಮಿ ಮಾಡೋ ಗುಂಡಿ ದೇವರೂ ಇಟ್ಟಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹೆಚ್ಚಾಗಿ ಗಟ್ಟಿ ಕಟ್ಟಿಗಿದು. ಆಂಪ್ಲಿಫಯರಿಗೆ ಹಚ್ಚಲಿಲ್ಲ ಅಂದ್ರ ಪಡಸಾಲ್ಯಾಗ ಬಾರಿಸಿದ್ದು ಅಡಗಿಮನಿಗೆ ಕೇಳಸೋದು ಕಷ್ಟ. ಹಚ್ಚಿದ್ರೂ, ಸಣ್ಣ ಆಂಪಿನೊಳಗ ಹೆಡ್‌ಫೋನ್ ತೂತು ಇರ್ತದ. ರಾತ್ರಿ ಹತ್ತಕ್ಕ ಅಕಿ ಬಾರಿಸಲಿ, ನೀವು ಧಾರಾವಾಹಿ ನೋಡ್ರಿ.

ಅತ್ತಿಯವರಿಗೆ ಬ್ಯಾರೆ ಅಂಜಿಕಿ. ತಂತಿಯೊಳಗ ಕರೆಂಟ್ ಬರ್ತದಂತ. ನಾನೂ ಪಿಯುಸಿ ಸೈನ್ಸ್ ಓದೀನಿ, ಫ್ಯಾರಡೇ ನೆನಪದ. ತಂತಿ ಕೆಳಗ ಪಿಕಪ್ ಅಂತ ಇರ್ತದ. ಅಯಸ್ಕಾಂತ, ಅದರ ಸುತ್ತ ಕೂದಲಿನಂಥಾ ತಾಮ್ರದ ತಂತಿ ಸಾವಿರಾರು ಸುತ್ತು. ಮ್ಯಾಲಿನ ಉಕ್ಕಿನ ತಂತಿ ನಡುಗಿದ್ರ ಆ ಸುರುಳಿಯೊಳಗ ಸಣ್ಣದೊಂದು ಕರೆಂಟ್ ಹುಟ್ಟತದ, ಅದು ಆಂಪಿಗೆ ಹೋಗಿ ದನಿ ಆಗ್ತದ. ಮನಿ ಕರೆಂಟು ಗಿಟಾರಿಗೆ ಬರಂಗಿಲ್ಲ. ಆದ್ರ ಅತ್ತಿಯವರ ಅಂಜಿಕಿಯೊಳಗ ಒಂದು ಖರೇ ಮಾತದ, ಅದಕ್ಕ ಆಮ್ಯಾಲೆ ಬರ್ತೀನಿ.

ಈಗ ನನ್ನ ಸಿಟ್ಟಿನ ಮಾತು. "ಮೊದಲ ಅದು, ಆಮ್ಯಾಲೆ ಇದು" ಅನ್ನೋದನ್ನ ನಮ್ಮ ಮನಿಗೋಳೊಳಗ ಯಾರಿಗೆ ಹೇಳ್ತಾರ ಅಂತ ಲಕ್ಷ್ಯ ಕೊಟ್ಟು ನೋಡ್ರಿ. ಮೈದುನನ ಮಗ ಬೈಕ್ ಬೇಕಂದಾಗ "ಮೊದಲ ಎರಡು ವರ್ಷ ಸೈಕಲ್ ಹೊಡಿ" ಅಂತ ಯಾರೂ ಅನ್ನಲಿಲ್ಲ. ನನಗ ಮಾತ್ರ ಅಂದ್ರು, "ಮೊದಲ ಮದಿವಿ ಆಗಲಿ, ಆಮ್ಯಾಲೆ ಡಿಗ್ರಿ ಮಾಡೀಯಂತ." ಮದಿವಿ ಆತು. ಆ 'ಆಮ್ಯಾಲೆ' ಮೂವತ್ತು ವರ್ಷದಿಂದ ಬರಲಿಕ್ಕತ್ತದ, ಇನ್ನೂ ಬಾಗಿಲಿಗೆ ಮುಟ್ಟಿಲ್ಲ. ಮಗಳು ಸಣ್ಣ ಹುಡುಗರಿಗೆ ಗಣಿತ ಹೇಳಿಕೊಟ್ಟು, ಹಬ್ಬದ ರೊಕ್ಕ ಕೂಡಿಟ್ಟು 24,000 ಮಾಡ್ಯಾಳ. ಅದು ಅಕಿ ರೊಕ್ಕ. ಅಕೌಸ್ಟಿಕ್ ಬೇಕಂತ ಕೇಳಿದ್ರ ಅದನ್ನ ಕೊಡಸ್ತಿದ್ದೆ, ಕುಂತು ಹಾಡಕೋತ ಬಾರಿಸೋರಿಗೆ ಅದು ಛೊಲೊ. ಅಕಿ ಎಲೆಕ್ಟ್ರಿಕ್ ಕೇಳ್ಯಾಳ. ಎರಡೂ ಬ್ಯಾರೆ ವಾದ್ಯ ಇದ್ದಂಗ, ಒಂದರ ಪರೀಕ್ಷಾ ಪಾಸಾದ್ರ ಇನ್ನೊಂದಕ್ಕ ಸೀಟು ಸಿಗ್ತದ ಅಂತಿಲ್ಲ.

"ಹೆಣ್ಣಹುಡುಗಿ ಕೈಯಾಗ ಅದು ಒಪ್ಪಂಗಿಲ್ಲ" ಅಂದವರಿಗೆ ನಾನು ಸಿಸ್ಟರ್ ರೊಸೆಟ್ಟಾ ಥಾರ್ಪ್ ವಿಡಿಯೋ ತೋರಸ್ತೀನಿ. ಅಮೆರಿಕಾದ ಚರ್ಚಿನ ಭಜನಿ ಹಾಡಾಕಿ. 1964 ರಾಗ ಮ್ಯಾಂಚೆಸ್ಟರಿನ ಒಂದು ಹಳೇ ರೈಲ್ವೇ ಸ್ಟೇಶನ್ನಿನೊಳಗ, ಕೋಟು ಹಾಕ್ಕೊಂಡು, ಎಲೆಕ್ಟ್ರಿಕ್ ಗಿಟಾರ್ ಹಾಕ್ಕೊಂಡು ಬಾರಿಸ್ಯಾಳ. ಆವಾಗ ಅಕಿಗೂ ಭರ್ತಿ ನನ್ನ ವಯಸ್ಸು. "ನಮ್ಮ ಸಂಸ್ಕೃತಿ ಅಲ್ಲ" ಅಂದವರಿಗೆ, ನಿಮ್ಮ ಭಜನಿ ಪೇಟಿ ಎಲ್ಲಿಂದ ಬಂತು ಅಂತ ಕೇಳ್ತೀನಿ. ಪರದೇಶದ ವಾದ್ಯ, ಶ್ರುತಿ ಸರಿ ಹಿಡಿಯಂಗಿಲ್ಲ ಅಂತ ಹಾರ್ಮೋನಿಯಂ ಅನ್ನ ಆಕಾಶವಾಣಿ 1940 ರಿಂದ 1971 ರ ತನಕ ಹೊರಗ ಇಟ್ಟಿತ್ತು. ಮಂದಿ ಮನ್ಯಾಗ ಬಿಟ್ರೇನು? ಯು. ಶ್ರೀನಿವಾಸ್ ಅವರು ಸಣ್ಣ ಹುಡುಗ ಇದ್ದಾಗಿಂದ ಕರೆಂಟಿನ ಮ್ಯಾಂಡೊಲಿನ್ ಮ್ಯಾಲೇ ಕರ್ನಾಟಕ ಸಂಗೀತ ನುಡಿಸಿದ್ರು.

ಆತು, ಎಲೆಕ್ಟ್ರಿಕ್ ಅಂತಾನ ಆತು. ಯಾವದು? ಇಲ್ಲಿ ಮತ್ತ ಎಲ್ಲಾರೂ ಹೆಸರು ಹೇಳ್ತಾರ, ಯಾರೂ ಹುಡುಗಿ ಕೈ ನೋಡಂಗಿಲ್ಲ. ಸ್ಟ್ರ್ಯಾಟೊಕ್ಯಾಸ್ಟರ್ ಮಾಡಿದ ಲಿಯೋ ಫೆಂಡರ್ ರೇಡಿಯೋ ರಿಪೇರಿ ಮಾಡೋ ಮನುಷ್ಯಾ. ಅಂವಗ ಗಿಟಾರ್ ಬಾರಿಸಲಿಕ್ಕೆ ಬರ್ತಿದ್ದಿಲ್ಲ. ಅದಕ್ಕ ಬಾರಿಸೋರನ್ನ ಕೇಳ್ತಿದ್ದ. ಅಂಚು ಪಕ್ಕಡಿಗೆ ಒತ್ತತದ ಅಂತ ಅವರು ಅಂದ್ರು, 1954 ರ ಆ ಗಿಟಾರಿಗೆ ಮೈ ತಾಗೋ ಕಡೆ ಕೆತ್ತಿ ತಗ್ಗು ಮಾಡಿದ. ಮಾಡಿದವನ ಕೇಳ್ಯಾನ, ಮಾರೋರಿಗೆ ಏನಾಗ್ಯದ? ಹೋದ ತಿಂಗಳ ಒಂದು ಅಂಗಡಿಗೆ ಹೋಗಿದ್ವಿ. ಅಂಗಡಿಯಂವಾ ಮಗಳನ್ನ ಬಿಟ್ಟು ನಮ್ಮನಿಯವರ ಕೂಡ ಮಾತಾಡಿದ, ಗಿಟಾರನ್ನೂ ಅವರ ಕೈಯಾಗ ಕೊಟ್ಟ. ಇವರು ಅದನ್ನ ಕೂಸು ಹಿಡಿದಂಗ ಹಿಡಕೊಂಡು ನಿಂತ್ರು.

ಕೈ ನೋಡೋದು ಅಂದ್ರ ಏನು? ಗಿಟಾರಿಗೆ ಸ್ಕೇಲ್ ಅಂತ ಅಳತಿ ಅದ, ತಂತಿ ನಡುಗೋ ಉದ್ದ. ಸ್ಟ್ರ್ಯಾಟೊಕ್ಯಾಸ್ಟರ್ ನಮೂನಿ ಗಿಟಾರಿನೊಳಗ 25.5 ಇಂಚು, ಲೆಸ್ ಪಾಲ್ ನಮೂನಿದರಾಗ 24.75, ಮಸ್ಟ್ಯಾಂಗ್ ಅನ್ನೋದರಾಗ 24. ಉದ್ದ ಹೆಚ್ಚಾದಷ್ಟೂ ಫ್ರೆಟ್ಟುಗಳು, ಅಂದ್ರ ಸಿತಾರಿನ ಪಡದಾ ಇದ್ದಂಗ ಇರೋ ಪಟ್ಟಿಗೋಳು, ದೂರ ದೂರ ಬರ್ತಾವ, ಅದ ತಂತಿ ಹೆಚ್ಚು ಬಿಗಿ ಆಗ್ತದ. ನನ್ನ ಮಗಳ ಕೈ ಸಣ್ಣದು, ಅಕಿಗೆ 24 ಸಲೀಸಾತು. ಲೆಸ್ ಪಾಲ್ ನಮೂನಿದು ನೋಡಲಿಕ್ಕೆ ಭಾಳ ಛಂದ, ಆದ್ರ ಹೆಚ್ಚಾಗಿ ನಾಕು ಕಿಲೋ ಆಸುಪಾಸು ತೂಗ್ತದ. ತುಂಬಿದ ಕೊಡ ಹೊತ್ತವರಿಗೆ ನಾಕು ಕಿಲೋ ಏನಲ್ಲ ಅಂತೀರಿ. ಕೊಡ ಹೊತ್ತಿದ್ದು ಬಾವಿಯಿಂದ ಮನೀತನಾ. ಇದು ಒಂದ ಹೆಗಲಿಗೆ ಒಂದು ತಾಸು ಜೋತು ಬೀಳ್ತದ.

ಅಂಗಡ್ಯಾಗ ನಾವು ಹೆಂಗಸರು ದಡ್ಡರಲ್ಲ, ಅಲ್ಲೇನ್ರಿ? ಬಳಿ ತೊಗೊಳೋವಾಗ ಒಳಗ ಬೆರಳಾಡಿಸಿ ಚೂಪು ಅದ ಏನು ನೋಡ್ತೀವಿ. ಗಿಟಾರಿನ ಕುತಿಗಿ ಎರಡೂ ಅಂಚಿಗೆ ಹಂಗ ಬೆರಳಾಡಿಸ್ರಿ. ಒಣಾ ಹವಾಕ್ಕ ಕಟ್ಟಿಗಿ ಕುಗ್ಗಿ ಫ್ರೆಟ್ಟಿನ ತುದಿ ಹೊರಗ ಬಂದಿರ್ತಾವ, ಕೈ ಗೀರ್ತಾವ. ಗಡಿಗಿ ತೊಗೊಳೋವಾಗ ಬಡದು ದನಿ ಕೇಳ್ತೀವಿ. ಇಲ್ಲಿ ಒಂದೊಂದು ತಂತಿ ಮ್ಯಾಲೆ ಒಂದೊಂದು ಫ್ರೆಟ್ ಒತ್ತಿ ಮೀಟಸ್ರಿ, ಎಲ್ಲ್ಯರೆ ಝರ್ ಅಂತದೇನು ಕೇಳ್ರಿ. ಇಪ್ಪತ್ತೊಂದೋ ಇಪ್ಪತ್ತೆರಡೋ ಫ್ರೆಟ್, ಆರು ತಂತಿ. ಅಂಗಡಿಯಂವಾ ಮಾರಿ ಸಿಂಡರಸ್ತಾನ, ಸಿಂಡರಸಲಿ. ಆಂಪಿಗೆ ಹಚ್ಚೋಕಿಂತ ಮೊದಲನ ಇಷ್ಟು ಮಾಡ್ರಿ, ಯಾಕಂದ್ರ ಆಂಪ್ ಜೋರು ಮಾಡಿ ಅದಕ್ಕ ಖಾರಾ ಮಸಾಲಿ ಹಾಕಿದ್ರ ಹಳಸಿದ ಪಲ್ಯಾನೂ ರುಚಿ ಹತ್ತತದ.

ಇನ್ನೊಂದು, ಕೀಲಿ ಹಾಕೋ ಕುದುರಿ. ಫ್ಲಾಯ್ಡ್ ರೋಸ್ ಅಂತಾರ. ಸ್ಪ್ರಿಂಗ್ ಮ್ಯಾಲೆ ತೇಲ್ತದ, ದಾಂಡಿ ಹಿಡದು ಒತ್ತಿದ್ರ ಸ್ವರ ಕೆಳಗ ಹೋಗ್ತದ. ಕಲಿತವರಿಗೆ ಅದು ಆಟ. ಕಲಿಯೋರಿಗೆ ಒಂದು ತಂತಿ ಹರೀತಂದ್ರ ಉಳದ ಐದೂ ಶ್ರುತಿ ಬಿಡ್ತಾವ, ಹೊಸಾದು ಹಾಕಲಿಕ್ಕೆ ಪಾನಾ ಹಿಡಕೊಂಡು ಕುಂದ್ರಬೇಕು. ಹೊಳೆಯೋ ಬಣ್ಣ, ಚೂಪು ಚೂಪು ಕೋಡು, ಮ್ಯಾಲೆ ಈ ಕುದುರಿ ಇರೋದನ್ನ ಅಗ್ಗಕ್ಕ ಕೊಡ್ತೀನಿ ಅಂದ್ರ ಬ್ಯಾಡ ಅನ್ರಿ. ನಿಂತ ಕುದುರಿ ಸಾಕು.

ಮತ್ತ ರೊಕ್ಕಾ ಎಲ್ಲಾ ಗಿಟಾರಿಗೇ ಸುರೀಬ್ಯಾಡ್ರಿ. ನಮ್ಮ ಧಾರವಾಡದ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಮಿರಜದಿಂದ ತಂಬೂರಿ ತಂದವರು ಜವಾರಿ ತಗಸದ ನುಡಿಸ್ತಾರೇನು? ಕುದುರಿ ಮೈ ತಿದ್ದಿ, ನೂಲು ಸರಸಿ, ದನಿ ಅರಳೋತನಾ ಬಿಡಂಗಿಲ್ಲ. ಗಿಟಾರಿಗೂ ಅದ ಸೇವಾ ಬೇಕು, ಸೆಟಪ್ ಅಂತಾರ. ಕುತಿಗಿ ಒಳಗ ಒಂದು ಕಬ್ಬಿಣದ ಸರಳು ಇರ್ತದ, ಅದನ್ನ ತಿರುವಿ ಬಾಗು ಸರಿ ಮಾಡ್ತಾರ. ತಂತಿ ಎತ್ತರ ಇಳಸ್ತಾರ. ಮಳಿಗಾಲದಾಗ ಕಟ್ಟಿಗಿ ಉಬ್ಬತದ, ಬ್ಯಾಸಗ್ಯಾಗ ಸೊರಗತದ, ವರ್ಷಕ್ಕ ಎರಡು ಸಲ ನೋಡಬೇಕು. ನಮ್ಮ ಲೆಕ್ಕ ಹಿಂಗದ: ಗಿಟಾರಿಗೆ 15,000, ಹೆಡ್‌ಫೋನ್ ತೂತಿರೋ ಸಣ್ಣ ಆಂಪಿಗೆ 6,000, ಉಳದ 3,000 ದಾಗ ಸೆಟಪ್, ಕೇಬಲ್, ಪಟ್ಟಾ, ಶ್ರುತಿ ನೋಡೋ ಕ್ಲಿಪ್. ಮೈದುನ ಅಂತಾನ, ಇನ್ನ ಸ್ವಲ್ಪ ಹಾಕಿ ದೊಡ್ಡ ಹೆಸರಿಂದ ತೊಗೊಳ್ರಿ ಅಂತ. ಹೆಸರು ತಲಿ ಮ್ಯಾಲೆ ಬರದಿರ್ತದ, ತಂತಿ ಒತ್ತೋ ಜಾಗಾದಾಗಲ್ಲ. ಕ್ವೀನ್ ತಂಡದ ಬ್ರಯನ್ ಮೇ ಹರೇದಾಗ ಅಪ್ಪನ ಕೂಡ ಕುಂತು, ಹಳೇ ಬೆಂಕಿಗೂಡಿನ ಕಟ್ಟಿಗಿ, ಅವ್ವನ ಹೊಲಿಗಿ ಡಬ್ಬಿ ಗುಂಡಿ, ಸ್ವೆಟರ್ ಹೆಣೆಯೋ ಕಡ್ಡಿ ತುದಿ ಕೂಡಿಸಿ ಗಿಟಾರ್ ಮಾಡಿದ. ಜೀವನಪೂರ್ತಿ ಅದನ್ನ ಬಾರಿಸ್ಯಾನ. ಮೊಟ್ಟಮೊದಲು ಮಾರಾಟಕ್ಕ ಬಂದ ಎಲೆಕ್ಟ್ರಿಕ್ ಗಿಟಾರಿಗಂತೂ, 1932 ರಾಗ, ಮಂದಿ ಇಟ್ಟ ಹೆಸರು ಫ್ರಯಿಂಗ್ ಪ್ಯಾನ್. ಹಿಡಿಕಿ ಇರೋ ನಮ್ಮ ಹಂಚು! ಅಡಗಿಮನಿಯವರಿಗೆ ಇದರಾಗ ಏನು ತಿಳೀತದ ಅನ್ನವರು ಸ್ವಲ್ಪ ನಿಲ್ರಿ.

ಅತ್ತಿಯವರ ಅಂಜಿಕಿಗೆ ಬರ್ತೀನಿ. ಗಿಟಾರಿನ ತಂತಿ ಕೇಬಲ್ ಮೂಲಕ ಆಂಪಿನ ಅರ್ಥಿಂಗಿಗೆ ಕೂಡಿರ್ತಾವ. ನಮ್ಮ ಹಳೇ ಮನಿಗೋಳೊಳಗ ಮೂರು ತೂತಿನ ಪ್ಲಗ್ ಇರ್ತದ, ಮೂರನೇ ತೂತಿನ ಹಿಂದ ವೈರ್ ಇರಂಗಿಲ್ಲ. ಆಂಪ್ ಕೆಟ್ಟು ಅದರ ಮೈಗೆ ಕರೆಂಟ್ ಬಂತಂದ್ರ ಅದು ತಂತಿ ಹಿಡದ ಕೈಗೆ ಬರಬಹುದು. ಆಂಪ್ ಸುಮ್ಮಸುಮ್ಮನ ಗುಂಯ್ ಅನ್ನಲಿಕ್ಕೂ ಅರ್ಥಿಂಗ್ ಇಲ್ಲದ್ದು ಒಂದು ಕಾರಣ. ಗಿಟಾರ್ ಯಾವದು ಅಂತ ತಿಂಗಳಗಟ್ಟಲೆ ಜಗಳಾಡಿದವರಾಗ ಒಬ್ಬರೂ ಇದನ್ನ ಕೇಳಲಿಲ್ಲ, ಎಂಬತ್ತು ದಾಟಿದ ಅತ್ತಿಯವರು ಕೇಳಿದ್ರು. ಮೊನ್ನೆ ಇಲೆಕ್ಟ್ರಿಶಿಯನ್‌ನ ಕರಸಿ ಮಗಳ ಖೋಲಿ ಪ್ಲಗ್ಗಿಗೆ ಅರ್ಥಿಂಗ್ ಹಾಕಸೀನಿ. ಆ ಖರ್ಚು ಅಕಿ 24,000 ದಾಗ ಹಿಡದಿಲ್ಲ, ಅದು ನಮ್ಮನಿಯವರದು.

ಬರೋ ಐತವಾರ ಹುಬ್ಬಳ್ಳಿಗೆ ಹೋಗವರಿದ್ದೀವಿ. ಈ ಸಲ ಬ್ಯಾರೆ ಅಂಗಡಿ. ಮಗಳಿಗೆ ಹೇಳೀನಿ, ಕುಂತು ಬಾರಿಸು, ನಿಂತು ಬಾರಿಸು, ಎಷ್ಟು ಹೊತ್ತಾದ್ರೂ ಆಗಲಿ. ಮೈದುನ ನಾನೂ ಬರ್ತೀನಿ ಅಂದಾನ. ಬರಲಿ, ಅವನ ಕಾರಿನ ಡಿಕ್ಕಿ ದೊಡ್ಡದದ, ಆಂಪ್ ಇಡಲಿಕ್ಕೆ ಜಾಗಾ ಬೇಕಾಗ್ತದ.